ಮಣ್ಣಿಗೆ ಕೊಡದೆ ಉಳಿದದ್ದು

ಸರ್ಜನ್ನರಿಗೆ ರೋಗಿಗಳ ಮುಖ ನೆನಪಿರುವುದಿಲ್ಲ. ಇದು ದೂರಲ್ಲ, ಕೆಲಸದ ರೀತಿಯೇ ಹಾಗೆ. ಆಪರೇಷನ್ ಟೇಬಲ್ಲಿನ ಮೇಲೆ ರೋಗಿಯ ಕುತ್ತಿಗೆಯ ಹತ್ತಿರ ಒಂದು ಹಸಿರು ಬಟ್ಟೆ ಅಡ್ಡ ಕಟ್ಟುತ್ತಾರೆ. ಆ ಕಡೆ ಹೊಟ್ಟೆ, ಈ ಕಡೆ ಮುಖ. ಹೊಟ್ಟೆ ಸರ್ಜನ್ನರ ಪಾಲು, ಮುಖ ನನ್ನಂಥ ಅರಿವಳಿಕೆ ಡಾಕ್ಟರನ ಪಾಲು. ಹೆದರಿದವರಿಗೆ ಏನೂ ಆಗುವುದಿಲ್ಲ ಅಂತ ಸಮಾಧಾನ ಹೇಳಿ ಮಲಗಿಸುವವರು ನಾವು, ಮುಗಿಯಿತು ಅಂತ ಕೆನ್ನೆ ತಟ್ಟಿ ಎಬ್ಬಿಸುವವರೂ ನಾವು. ನಡುವೆ ನಡೆದದ್ದಕ್ಕೆ ಶಾಲು, ಹಾರ ಮಾತ್ರ ಸರ್ಜನ್ನರಿಗೆ. ಇಷ್ಟು ವರ್ಷ ನೋಡೀ ನೋಡೀ ನನ್ನ ಹೊಟ್ಟೆಕಿಚ್ಚೂ ತಣ್ಣಗಾಗಿದೆ.

ನನ್ನ ಹೆಸರು ಹರಿಕೃಷ್ಣ. ನನ್ನದು ಅಂತ ಒಂದು ಆಸ್ಪತ್ರೆಯಿಲ್ಲ. ಬೆಳಿಗ್ಗೆ ನಾರಾಯಣಪೇಟೆ, ಮಧ್ಯಾಹ್ನ ಮಕ್ತಲ್, ಸಂಜೆ ಗದ್ವಾಲ. ಎಲ್ಲಿ ಆಪರೇಷನ್ ಇಟ್ಟುಕೊಂಡಿದ್ದಾರೋ ಅಲ್ಲಿಗೆ ಚೀಲ ಹಿಡಿದು ಓಡುತ್ತೇನೆ. ರಾಯಚೂರಿನ ನಂಟರು ನನ್ನನ್ನು ತಿರುಗಾಟದ ಡಾಕ್ಟರ್ ಅಂತ ಆಡಿಕೊಳ್ಳುತ್ತಾರೆ. ಆಡಿಕೊಳ್ಳಲಿ. ಈ ಮೂರು ಊರುಗಳಲ್ಲಿ ನಿದ್ದೆ ಬರಿಸಿ ಎಬ್ಬಿಸಿದವರು ಬಸ್ಸಿನಲ್ಲಿ ನನ್ನನ್ನು ಕಂಡರೆ ಎದ್ದು ಜಾಗ ಕೊಡುತ್ತಾರೆ. ಅಷ್ಟು ಸಾಕು.

ಸುಧೀಂದ್ರ ಮಕ್ತಲ್ ಶಾಲೆಯಲ್ಲಿ ನನ್ನ ಬೆಂಚಿನವನು, ಅರ್ಚಕರ ಮಗ. ಅವನು ಹೈದರಾಬಾದಿನ ದೊಡ್ಡ ವೈದ್ಯಕೀಯ ಕಾಲೇಜೊಂದರಲ್ಲಿ ಪ್ರೊಫೆಸರ್ ಆಗಿದ್ದಾನೆ. ಅವನ ಇಡೀ ಜನ್ಮದ ಸಂಶೋಧನೆಯನ್ನು ನಾನು ಒಂದೇ ಮಾತಿನಲ್ಲಿ ಹೇಳಿಬಿಡುತ್ತೇನೆ: ತೂತು ಕಡಿಮೆ ಮಾಡುವುದು. ನಾವು ಓದುವ ಕಾಲಕ್ಕೆ ಪಿತ್ತಕೋಶದಲ್ಲಿ ಕಲ್ಲಾದರೆ ಗೇಣುದ್ದ ಹೊಟ್ಟೆ ಕೊಯ್ಯುತ್ತಿದ್ದರು. ಆಮೇಲೆ ನಾಲ್ಕು ಸಣ್ಣ ತೂತಿನ ಆಪರೇಷನ್ ಬಂತು. ಒಂದರಲ್ಲಿ ಕ್ಯಾಮರಾ ಇಳಿಸಿ, ಉಳಿದವುಗಳಲ್ಲಿ ಉದ್ದ ಕಡ್ಡಿಯಂಥ ಸಾಮಾನು ಇಳಿಸಿ, ಎದುರಿಗಿನ ಟಿ.ವಿ. ನೋಡುತ್ತಾ ಕೆಲಸ ಮುಗಿಸುವುದು. ಸುಧೀಂದ್ರ ನಾಲ್ಕನ್ನು ಮೂರು ಮಾಡಿದ, ಮೂರನ್ನು ಎರಡು ಮಾಡಿದ, ಕೊನೆಗೆ ಹೊಕ್ಕುಳಿನ ಮಡಿಕೆಯೊಳಗೆ ಒಂದೇ ಒಂದು ತೂತು ಹಾಕಿ ಪಿತ್ತಕೋಶ ಹೊರತೆಗೆಯುವ ದಾರಿ ಕಂಡುಹಿಡಿದ. ಗಾಯ ವಾಸಿಯಾದ ಮೇಲೆ ಹುಡುಕಿದರೂ ಕಲೆ ಸಿಗುವುದಿಲ್ಲ. "ಮುಂದ ತೂತೇ ಇಲ್ದಂಗ ಫೋನಿನ್ಯಾಗ ಮಾಡ್ತಿ ಏನಪಾ," ಅಂತ ನಾನು ಕೆಣಕುತ್ತಿದ್ದೆ. ಅವನು ನಗುತ್ತಿರಲಿಲ್ಲ, ಅದು ಸಾಧ್ಯವೇ ಅಂತ ನಿಜವಾಗಿಯೂ ಯೋಚಿಸುತ್ತಿದ್ದ.

ಅವನ ಇನ್ನೊಂದು ಕಾಯಿಲೆ ನಿಜ ಹೇಳುವುದು. ತನ್ನ ಲೇಖನಗಳಲ್ಲಿ ಗೆದ್ದ ಕೇಸುಗಳಿಗಿಂತ ಮೊದಲು ಸೋತವನ್ನು ಬರೆಯುತ್ತಿದ್ದ. ಮನೆಯಲ್ಲಿ ಹೆಂಡತಿ ಕೃಷ್ಣಪ್ರಿಯಾ ಸಾರು ಹೇಗಿದೆ ಅಂದರೆ ಹೇಗಿದೆಯೋ ಹಾಗೇ ಹೇಳುತ್ತಿದ್ದ. ಆಕೆ ಇಷ್ಟು ವರ್ಷ ಹೇಗೆ ಸಂಸಾರ ಮಾಡಿದಳೋ ಆ ಮಂತ್ರಾಲಯದ ರಾಯರಿಗೇ ಗೊತ್ತು.

ಅವನಿಗೆ ಹೆಸರು ತಂದದ್ದು ಒಂದು ಫಿಲ್ಮು. ಹತ್ತು ವರ್ಷಕ್ಕೂ ಹಿಂದೆ ನಾರಾಯಣಪೇಟೆಯ ಆಸ್ಪತ್ರೆಯೊಂದರಲ್ಲಿ ಅವನು ಉಚಿತ ಶಿಬಿರ ಮಾಡಿದ್ದ, ಅರಿವಳಿಕೆ ಕೊಟ್ಟವನು ನಾನೇ. ಗಟ್ಟು ಕಡೆಯಿಂದ ಭಾಗ್ಯಜ್ಯೋತಿ ಅನ್ನುವ ಹುಡುಗಿ ಬಂದಿದ್ದಳು. ಇಪ್ಪತ್ತರ ಆಸುಪಾಸಿನವಳು, ಪಿತ್ತಕೋಶದಲ್ಲಿ ಕಲ್ಲು. ಮದುವೆ ಗೊತ್ತಾಗಿತ್ತು. ಹೊಟ್ಟೆಯ ಮೇಲೆ ಕಲೆ ಬಿದ್ದರೆ ಗಂಡಿನ ಕಡೆಯವರು ಏನಂದಾರೋ ಅಂತ ಅವಳ ತಾಯಿ ನರ್ಸುಗಳ ಕೈಕಾಲು ಹಿಡಿದು ಬೇಡಿಕೊಂಡಿದ್ದಳು. ಸುಧೀಂದ್ರ ಹೊಕ್ಕುಳಿನಿಂದಲೇ ಮಾಡಿದ. ಆ ದಿನ ಅವನ ಕೈ ಎಂಥ ಹದದಲ್ಲಿತ್ತು ಅಂದರೆ ಒಂದು ಹನಿ ರಕ್ತ ಹೆಚ್ಚು ಹೋಗಲಿಲ್ಲ, ಒಂದು ಚಲನೆ ವ್ಯರ್ಥವಾಗಲಿಲ್ಲ. ಕ್ಯಾಮರಾ ಅದಷ್ಟನ್ನೂ ಹಿಡಿದುಕೊಂಡಿತ್ತು. ಒಂದು ತೂತಿನ ಆಪರೇಷನ್ ಕಲಿಯುವವರಿಗೆ ಆ ಫಿಲ್ಮೇ ಮೊದಲ ಪಾಠವಾಯಿತು. ದೆಹಲಿಯಲ್ಲಿ ತೋರಿಸಿದರು, ಜಪಾನಿನಲ್ಲಿ ತೋರಿಸಿದರು. ಯಾವ ಸಮ್ಮೇಳನದಲ್ಲೂ ಅದಿಲ್ಲದೆ ಅವನ ಭಾಷಣ ಮುಗಿಯುತ್ತಿರಲಿಲ್ಲ.

ಈಚೆಗೆ ಸರ್ಜನ್ನರ ಸಂಘವೊಂದು ಆ ಫಿಲ್ಮನ್ನು ತನ್ನ ಶಾಶ್ವತ ಸಂಗ್ರಹಕ್ಕೆ ಸೇರಿಸಿಕೊಳ್ಳಲು ಬಯಸಿತು. ಅದಕ್ಕೆ ರೋಗಿಯ ಒಪ್ಪಿಗೆಯನ್ನು ಹೊಸದಾಗಿ ಪಡೆಯಬೇಕಿತ್ತು. ಸುಧೀಂದ್ರನ ಕೈಕೆಳಗೆ ಸಂಶೋಧನೆ ಮಾಡುವ ಮೇಘಾ ಎಂಬ ಹುಡುಗಿ ಫೋನು ಹಚ್ಚಿ ಹಚ್ಚಿ ಗಟ್ಟುವಿನ ಮನೆಯನ್ನು ಹುಡುಕಿದಳು. ಭಾಗ್ಯಜ್ಯೋತಿಯ ಅಣ್ಣ ಫೋನೆತ್ತಿದ. ತಂಗಿ ತೀರಿಹೋಗಿ ಬಹಳ ವರ್ಷವಾಯಿತು ಅಂದ. ಆಪರೇಷನ್ನಿಗೂ ಸಾವಿಗೂ ಸಂಬಂಧವಿರಲಿಲ್ಲ. ಆಪರೇಷನ್ ಆದ ಮರುವರ್ಷ, ಮದುವೆಗೆ ಮುಂಚೆ, ಬೀಜದ ಹತ್ತಿಯ ಹೊಲಕ್ಕೆ ಕೂಲಿಗೆ ಹೋಗುವಾಗ ಹೆಂಗಸರನ್ನು ತುಂಬಿಕೊಂಡಿದ್ದ ಆಟೊ ಪಲ್ಟಿಯಾಗಿತ್ತು.

ಅಂದರೆ ಸುಧೀಂದ್ರ ಇಷ್ಟು ವರ್ಷ ಊರೂರಿಗೆ ಹೊತ್ತು ತೋರಿಸಿದ್ದು ಸತ್ತವಳ ಫಿಲ್ಮು. ಗೊತ್ತಿರಲಿಲ್ಲ, ಅಷ್ಟೇ.

ಒಂದು ಭಾನುವಾರ ಬೆಳಿಗ್ಗೆ ಅವನು ಕಾರು ಹಾಕಿಕೊಂಡು ನಾರಾಯಣಪೇಟೆಗೆ, ನೇರ ನನ್ನ ಮನೆಗೇ ಬಂದ. ಸೊರಗಿ ಇಳಿದುಹೋಗಿದ್ದ. ಕಾಫಿ ಮುಂದಿಟ್ಟರೆ ಮುಟ್ಟಲಿಲ್ಲ.

"ಹರಿ, ನೀ ಆ ಫಿಲ್ಮ್ ನೋಡೀಯಲ್ಲ," ಅಂದ. "ಮ್ಯಾಲಿನ ಮೂಲ್ಯಾಗ ಏನು ಕಾಣಸ್ತದ ಹೇಳು ನೋಡೋಣ."

"ಯಕೃತ್ತು. ಮತ್ತೇನು."

"ಅದರ ಮ್ಯಾಲೆ. ತೆಳುವಾದ ಪರದೆ ಇರ್ತದಲ್ಲ, ಎದಿಗೂ ಹೊಟ್ಟಿಗೂ ನಡುವೆ. ಅದರ ಆ ಕಡೆ ಹೃದಯ ಬಡೀತಿರ್ತದ. ಪರದೆ ಮಿಡೀತದ. ಎಲ್ಲಾ ಆಪರೇಷನ್ನಿನ್ಯಾಗೂ ಕಾಣಸ್ತದ, ಯಾವ ಸರ್ಜನ್ನೂ ಅದನ್ನ ನೋಡೂದಿಲ್ಲ. ನಾನೂ ನೋಡಿದ್ದಿಲ್ಲ. ಈಗ ನನಗ ಬ್ಯಾರೆ ಏನೂ ಕಾಣವಲ್ದು."

ಆಮೇಲೆ ನಿಧಾನವಾಗಿ ಹೇಳಿಕೊಂಡ. ಸುದ್ದಿ ಗೊತ್ತಾದ ವಾರದಲ್ಲೇ ಒಂದು ಭಾಷಣವಿತ್ತು. ಫಿಲ್ಮು ಶುರುವಾಯಿತು. ಪಿತ್ತಕೋಶದ ಮೇಲೆ ಇಡಬೇಕಾದ ಕೆಂಪು ಬೆಳಕಿನ ಚುಕ್ಕೆಯನ್ನು ಅವನು ಮೂಲೆಯ ಆ ಮಿಡಿತದ ಮೇಲೆ ಇಟ್ಟು ನಿಂತುಬಿಟ್ಟ. ಮಾತು ಹೊರಡಲಿಲ್ಲ. ಸಭೆಯವರು ಮೈಕು ಕೆಟ್ಟಿದೆ ಅಂದುಕೊಂಡರು. ಮುಂದಿನ ದಿನ ಬೇರೆ ಯಾರದೋ ಆಪರೇಷನ್. ಕ್ಯಾಮರಾ ಒಳಗಿಳಿದ ಕೂಡಲೇ ಅವನ ಕಣ್ಣು ಅದೇ ಮೂಲೆಗೆ ಹೋಯಿತು. ಇದು ಇನ್ನೂ ಎಷ್ಟು ದಿನ ಬಡಿಯುತ್ತದೋ ಅನ್ನಿಸಿತು. ಕೈ ನಿಂತಿತು. ಕೆಲಸವನ್ನು ಜೊತೆಗಿದ್ದವರಿಗೆ ಒಪ್ಪಿಸಿ ಹೊರಗೆ ಬಂದವನು ಆಮೇಲೆ ಆಪರೇಷನ್ ಕೋಣೆಗೆ ಕಾಲಿಟ್ಟಿಲ್ಲ.

"ಸಹಿ ತೊಗೊಳ್ಳಿಕ್ಕೆ ಗಟ್ಟುಕ್ಕ ಹೋಗಬೇಕು. ನೀನೂ ಬಾ," ಅಂದ. "ಆ ತಾಯಿ ಹೂಂ ಅಂದ್ರ ನನ್ನ ಕೈ ತಿರುಗಿ ಬರ್ತದೇನೋ. ಉಹೂಂ ಅಂದ್ರ ಬಿಟ್ಟುಬಿಡ್ತೀನಿ. ಫಿಲ್ಮಲ್ಲ, ಕತ್ತರಿ ಹಿಡಿಯೂದು."

ಮೂವತ್ತು ವರ್ಷದ ವಿದ್ಯೆಯನ್ನು ಹಳ್ಳಿಯ ಹೆಂಗಸೊಬ್ಬಳ ಒಂದು ಮಾತಿಗೆ ಕಟ್ಟಿಬಿಡುತ್ತೀಯಾ ಅಂತ ಬಾಯಿಗೆ ಬಂದದ್ದು ಅಂದೆ. ಅವನು ಕಾರಿನ ಕೀಲಿ ನನ್ನ ಕೈಗೆ ಕೊಟ್ಟ. ನಾನೇ ಓಡಿಸಿದೆ.

ಮಕ್ತಲದಲ್ಲಿ ಗುಡಿಯ ಮುಂದೆ ಗಾಡಿ ನಿಧಾನ ಮಾಡಿದೆ. ಹುಟ್ಟಿದಾಗಿನಿಂದ ಕೈಮುಗಿದ ಗುಡಿ, ಇಳಿಯುತ್ತಾನೆ ಅಂದುಕೊಂಡೆ. ಬೇಡ ನಡೆ ಅಂದ. ಜೂರಾಲಾ ಅಣೆಕಟ್ಟಿನ ಹತ್ತಿರ ಬಂದಾಗ ಗೇಟುಗಳು ತೆರೆದಿದ್ದವು, ಕೃಷ್ಣೆ ಕೆಂಪಗೆ ಧುಮುಕುತ್ತಿದ್ದಳು. ಜನ ಕಟ್ಟೆಯ ಮೇಲೆ ನಿಂತು ಹುರಿದ ಮೀನು ತಿನ್ನುತ್ತಾ ಫೋಟೊ ತೆಗೆದುಕೊಳ್ಳುತ್ತಿದ್ದರು. ಸುಧೀಂದ್ರ ನೀರಿನ ಕಡೆ ನೋಡಲೇ ಇಲ್ಲ.

"ಆಕಿ ಮುಖ ಹೆಂಗಿತ್ತೋ?" ಅಂದ.

ನನಗೆ ಸಿಟ್ಟು ಬಂತು. ಹುಡುಗಿಯ ಪಿತ್ತನಾಳದ ತಿರುವನ್ನು ಕಣ್ಣುಮುಚ್ಚಿ ಬರೆದು ತೋರಿಸುವವನು ಮುಖ ಹೇಗಿತ್ತು ಅಂತ ನನ್ನನ್ನು ಕೇಳುತ್ತಿದ್ದ. ಆದರೂ ಹೇಳಿದೆ. ಮುಂದಿನ ಒಂದು ಹಲ್ಲಿನ ತುದಿ ಮುರಿದಿತ್ತು. ಹುಬ್ಬು ದಟ್ಟ. ಮಲಗಿಸುವ ಮೊದಲು ನನ್ನನ್ನು, ಹೊಟ್ಟೆಯೊಳಗೆ ಲೈಟು ಹಚ್ಚುತ್ತಾರಂತೆ ಹೌದೇ ಅಂತ ಕೇಳಿದ್ದಳು. ಹೌದು ಅಂದಿದ್ದೆ. ಬಿಸಿ ಆಗುತ್ತದಾ ಅಂದಳು. ಇಲ್ಲ ಅಂದೆ. ಆಮೇಲೆ ನಿದ್ದೆ ಬಂತು.

ಗಟ್ಟು ಮುಟ್ಟಿದಾಗ ಬಿಸಿಲು ನೆತ್ತಿಯ ಮೇಲಿತ್ತು. ಊರ ಹೊರಗೆ ಕಲ್ಲುಚಪ್ಪಡಿ ಹೊದಿಸಿದ ಮನೆ. ಭಾಗ್ಯಜ್ಯೋತಿಯ ತಾಯಿ ಗುರುಲಿಂಗಮ್ಮ ಬಾಗಿಲೊಳಗೆ ಕೂತು ಊಟ ಮಾಡುತ್ತಿದ್ದಳು. ಹಣೆಯ ತುಂಬ ವಿಭೂತಿ, ಕೊರಳಲ್ಲಿ ಲಿಂಗದ ದಾರ. ಎದುರಿಗೆ ಹೊಸ್ತಿಲ ಪಕ್ಕದಲ್ಲಿ ಇನ್ನೊಂದು ತಾಟಿನಲ್ಲಿ ರೊಟ್ಟಿ, ಪುಂಡಿಪಲ್ಯ ಬಡಿಸಿಟ್ಟಿತ್ತು. ಅದರ ಮುಂದೆ ಯಾರೂ ಇರಲಿಲ್ಲ.

ನನ್ನನ್ನು ಕಂಡ ಕೂಡಲೇ ಗುರುತು ಹಿಡಿದಳು. "ಮೂಗಿಗೆ ಗಾಳಿ ಕೊಟ್ಟ ಸಾರ್ ಅಲ್ಲೇನ್ರಿ ನೀವು," ಅಂದು ಕೈ ತೊಳೆದು ಎದ್ದು ಬಂದಳು. ಸುಧೀಂದ್ರನನ್ನು ನೋಡಿ, "ಇವ್ರು ಯಾರ್ರಿ?" ಅಂದಳು. ನಿಮ್ಮ ಮಗಳಿಗೆ ಆಪರೇಷನ್ ಮಾಡಿದವರು ಇವರೇ ಅಂದೆ. ಆಕೆ ಅವನ ಮುಖವನ್ನಲ್ಲ, ಕೈಗಳನ್ನು ನೋಡಿದಳು.

ಮಗ ಪರಮೇಶ ಒಳಗಿನಿಂದ ಎರಡು ಕುರ್ಚಿ ತಂದು ಹಾಕಿದ. ಸುಧೀಂದ್ರ ಕುರ್ಚಿ ಬಿಟ್ಟು ನೆಲದ ಮೇಲೆ ಕೂತ. ಎಲ್ಲಿಂದ ಶುರು ಮಾಡಬೇಕೋ ಅವನಿಗೆ ತಿಳಿಯಲಿಲ್ಲ. ಮುದುಕಿಯೇ ಶುರು ಮಾಡಿದಳು.

"ಒಂದು ಮಾತು ಕೇಳಬೇಕು ಅಂತ ಎಷ್ಟು ವರ್ಷದಿಂದ ಐತ್ರಿ ಸಾರ್. ಆಕಿ ಸತ್ತ ದಿನ ಮೈ ತೊಳಿಯಾಗ ನಾನು ಹೊಟ್ಟಿ ಮ್ಯಾಲ ಹುಡುಕಿದೆ. ಒಂದು ಗೀರು ಕಾಣಲಿಲ್ಲ. ಯಾವ ಕಡಿಯಿಂದ ಒಳಗ ಹೋಗಿದ್ರಿ ನೀವು?"

"ಹೊಕ್ಕುಳದಿಂದವ್ವ," ಅಂದ ಸುಧೀಂದ್ರ.

"ನನ್ನ ಕಡಿಂದ ಬಂದ ದಾರಿ," ಅಂದಳು ಆಕೆ.

ಆಮೇಲೆ ತಾಟಿನ ವಿಷಯ ಹೇಳಿದಳು. ಮಗಳು ಬರುತ್ತಾಳೆ. ರಾತ್ರಿಯಲ್ಲ, ಹೀಗೇ ನಡುಮಧ್ಯಾಹ್ನ, ಊಟದ ಹೊತ್ತಿಗೆ. ದಿನಾ ಅಲ್ಲ, ಯಾವಾಗಲೋ ಒಮ್ಮೆ. ಹೊಸ್ತಿಲ ಆಚೆ ನಿಲ್ಲುತ್ತಾಳೆ, ಒಳಗೆ ಕರೆದರೆ ಬರುವುದಿಲ್ಲ. ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡಿರುತ್ತಾಳೆ.

"ನಂದೊಂದು ಉಳದೈತಿ ಯವ್ವಾ, ಮಣ್ಣಿಗೆ ಕೊಟ್ಟಿಲ್ಲ ನೀನು ಅಂತಾಳ. ನಮ್ಮ ಮನಿತನದಾಗ ಸತ್ತವರ ಮೈಯಿಂದ ಬಂದದ್ದು ಏನೂ ಮ್ಯಾಲ ಉಳಸಂಗಿಲ್ರಿ. ಹಣಿಗ್ಯಾಗ ಸಿಕ್ಕ ಕೂದಲ ಸೈತ ಹೆಣದ ಕುಣಿಗೆ ಹಾಕ್ತೀವಿ. ನೀವು ಆಪರೇಷನ್ ಮಾಡಿ ಹೊಟ್ಟ್ಯಾಗಿನ ಕಲ್ಲು ಸಣ್ಣ ಬಾಟ್ಲಿದಾಗ ಕೊಟ್ಟಿದ್ರಲ್ಲ, ಅದನ್ನೂ ಆಕಿ ಬಗಲಾಗ ಇಟ್ಟೇ ಮಣ್ಣು ಕೊಟ್ಟೆವು. ಮತ್ತ ಏನು ಉಳದೈತಿ? ಪೆಟ್ಟಿಗಿ ಹುಡುಕಿದೆ, ಜಂತಿ ಹುಡುಕಿದೆ. ಒಂದು ಮುರಕ ಬಳಿ ಸಿಕ್ತು, ಕೊಟ್ಟೆ. ಆದ್ರೂ ಬಂದ್ಲು."

ಪರಮೇಶ ತಲೆ ತಗ್ಗಿಸಿ, "ವಯಸ್ಸಾತ್ರಿ, ಹಿಂಗ ಏನೇನರ ಅಂತಾಳ," ಅಂತ ನನಗೆ ಮಾತ್ರ ಕೇಳುವಂತೆ ಹೇಳಿದ. ನನಗೆ ಪರಮೇಶನ ಮಾತು ನಂಬಬೇಕು ಅನ್ನಿಸಿತು. ಆದರೆ ಸುಧೀಂದ್ರನನ್ನು ನೋಡಿದೆ. ಅವನ ತುಟಿಯ ಬಣ್ಣ ಹೋಗಿತ್ತು. ಇಂಥ ಬಣ್ಣ ಟೇಬಲ್ಲಿನ ಮೇಲೆ ಕಂಡರೆ ನಾನು ಆಕ್ಸಿಜನ್ ಹೆಚ್ಚಿಸುತ್ತೇನೆ.

"ನನ್ನ ಹತ್ರ ಅದ," ಅಂದ ಅವನು. "ಉಳದದ್ದು ನನ್ನ ಹತ್ರ ಅದವ್ವ."

ಹೇಳಿದ. ಆಪರೇಷನ್ ಮಾಡುವಾಗ ಒಳಗಿನದೆಲ್ಲ ಫಿಲ್ಮಾಗುತ್ತದೆ ಅಂತ, ಅದರಿಂದ ಬೇರೆ ಡಾಕ್ಟರರು ಕೆಲಸ ಕಲಿಯುತ್ತಾರೆ ಅಂತ, ಇನ್ನು ಮುಂದೆಯೂ ತೋರಿಸಲು ನಿಮ್ಮ ಒಪ್ಪಿಗೆ ಕೇಳಲು ಬಂದಿದ್ದೇನೆ ಅಂತ. ಪಾಠ ಮಾಡುವವನ ಹಾಗೆ ಒಂದೊಂದೇ ಹೇಳಿದ. ಕೊನೆಗೆ, ಅದರಲ್ಲಿ ನಿಮ್ಮ ಮಗಳ ಹೃದಯ ಬಡಿಯುವುದು ಕಾಣುತ್ತದೆ ಅಂದ. ಅದನ್ನು ಹೇಳಬೇಕಾಗಿರಲಿಲ್ಲ. ನಾನಾಗಿದ್ದರೆ ನುಂಗಿಬಿಡುತ್ತಿದ್ದೆ.

"ತೋರಸ್ರಿ," ಅಂದಳು ಗುರುಲಿಂಗಮ್ಮ.

ಲ್ಯಾಪ್‌ಟಾಪ್ ತೆರೆದು ನೆರಳಿಗೆ ಸರಿಸಿಟ್ಟೆವು. ಮೊದಲು ಕತ್ತಲೆ, ಆಮೇಲೆ ಬೆಳಕು, ಆಮೇಲೆ ಆ ಗುಲಾಬಿ, ಹಳದಿ, ಕಂದು ಬಣ್ಣದ ಲೋಕ. ನೂರಾರು ಸಲ ನೋಡಿದ್ದೇನೆ, ಅಡುಗೆಮನೆಯಷ್ಟು ಸಲಿಗೆ. ಅವತ್ತು ಮಾತ್ರ ಯಾರದೋ ಮನೆಯೊಳಗೆ ಕೇಳದೆ ನುಗ್ಗಿದ ಹಾಗಾಯಿತು. ಸುಧೀಂದ್ರ ಬೆರಳು ಚಾಚಿ ಮೇಲಿನ ಮೂಲೆ ತೋರಿಸಿದ. ತೆಳು ಪರದೆ ಮಿಡಿಯುತ್ತಿತ್ತು. ಒಂದೇ ಸಮನೆ, ಅವಸರವಿಲ್ಲದೆ.

ಗುರುಲಿಂಗಮ್ಮ ಮುಂದೆ ಬಗ್ಗಿದಳು. ಅಳಲಿಲ್ಲ. ಬೆರಳ ತುದಿಯಿಂದ ಲ್ಯಾಪ್‌ಟಾಪಿನ ಗಾಜಿನ ಮೇಲೆ ಆ ಜಾಗವನ್ನು ಮುಟ್ಟಿದಳು, ಎಳೆಗೂಸಿನ ನೆತ್ತಿ ಮುಟ್ಟುವ ಹಾಗೆ. ಫಿಲ್ಮು ಮುಗಿಯುವವರೆಗೂ ಬೆರಳು ತೆಗೆಯಲಿಲ್ಲ. ಕೆಳಗೆ ಸುಧೀಂದ್ರನ ಸಾಮಾನುಗಳು ಎಷ್ಟು ಚೆಂದ ಕೆಲಸ ಮಾಡುತ್ತಿದ್ದವು. ಆ ಕಡೆ ಯಾರ ಗಮನವೂ ಇರಲಿಲ್ಲ. ನನಗೆ ಅಳು ಬಂತು. ಹಸಿರು ಬಟ್ಟೆಯ ಈ ಕಡೆ ಕೂತು ಅಳುವ ಅಭ್ಯಾಸ ನನಗಿಲ್ಲ, ಎದ್ದು ಅಂಗಳಕ್ಕೆ ಹೋಗಿ ನೀರು ಕುಡಿದು ಬಂದೆ.

"ಹೆತ್ತಾಕಿ ನಾನು ಇದನ್ನ ನೋಡಿದ್ದಿಲ್ಲ," ಅನ್ನುತ್ತಿದ್ದಳು ಆಕೆ. "ಊರೂರಿನ ಮಂದಿ ಎಲ್ಲ ನೋಡ್ಯಾರ. ಅದಕ್ಕ ಆಕಿ ಹೊಟ್ಟಿ ಮುಚ್ಚಿಕೊಂಡು ನಿಂದರ್ತಾಳ." ಆಮೇಲೆ ಸುಧೀಂದ್ರನಿಗೆ ಸ್ಪಷ್ಟವಾಗಿ, "ಇದನ್ನ ಮಣ್ಣಿಗೆ ಕೊಡ್ರಿ ಸಾರ್," ಅಂದಳು.

ಅವನು ಬಾಯಿ ತೆರೆಯುವ ಮೊದಲೇ ನಾನು ನುಗ್ಗಿದೆ. ಕೊಡೋಣ ತಾಯಿ, ಇವತ್ತೇ ಕೊಡೋಣ ಅಂದೆ. ಸುಧೀಂದ್ರನ ಚೀಲದಲ್ಲಿ ಅದೇ ಫಿಲ್ಮಿದ್ದ ಪೆನ್‌ಡ್ರೈವ್ ಇತ್ತು, ಸಂಘಕ್ಕೆ ಕಳಿಸಲು ಇಟ್ಟುಕೊಂಡದ್ದು. ಅದನ್ನು ತೆಗೆದು ಆಕೆಯ ಅಂಗೈಯಲ್ಲಿಟ್ಟೆ. ಆಕೆ ತಿರುಗಿಸಿ ನೋಡಿದಳು. "ಇಷ್ಟಽ ಏನ್ರಿ," ಅಂದಳು. ಇಷ್ಟೇ ಅಂದೆ. ನನ್ನ ಕಸುಬೇ ಅದು, ನೋವು ಗೊತ್ತಾಗದ ಹಾಗೆ ಮಾಡುವುದು; ಅದಕ್ಕೆ ಬೇಕಾದ ಮಾತು ನನ್ನ ನಾಲಿಗೆಯ ತುದಿಯಲ್ಲೇ ಇರುತ್ತದೆ.

ಹೊಲ ದೂರವಿರಲಿಲ್ಲ. ಹತ್ತಿ ಗಿಡಗಳ ಅಂಚಿಗೆ, ಬೇವಿನ ಮರದ ಕೆಳಗೆ ಭಾಗ್ಯಜ್ಯೋತಿಯನ್ನು ಹೂಳಿದ ಗದ್ದುಗೆ. ಮೇಲೊಂದು ಕಲ್ಲು, ಕಲ್ಲಿನ ಮೇಲೆ ಒಣಗಿದ ಬಿಲ್ವಪತ್ರೆ. ಪರಮೇಶ ಸಲಿಕೆಯಿಂದ ತಲೆಯ ಕಡೆ ಮೊಳದಷ್ಟು ಆಳ ತೋಡಿದ. ತಂಗಿಯ ವಿಷಯ ಅಂದರೆ ಅವನೂ ತಾಯಿಯ ಮಾತು ಮೀರುವವನಲ್ಲ ಅಂತ ಆಗ ತಿಳಿಯಿತು. ಗುರುಲಿಂಗಮ್ಮ ಪೆನ್‌ಡ್ರೈವಿಗೆ ವಿಭೂತಿ ಹಚ್ಚಿ, ಸೆರಗಿನ ಅಂಚಿನಿಂದ ಒಂದು ಚಿಂದಿ ಹರಿದು ಸುತ್ತಿ, ಕೂಸನ್ನು ತೊಟ್ಟಿಲಿಗೆ ಇಳಿಸಿದಂತೆ ಇಳಿಸಿದಳು. ತಾಯಿ, ಮಗ, ನಾನು ಮಣ್ಣು ಹಾಕಿದೆವು. ಸುಧೀಂದ್ರ ಹಾಕಲಿಲ್ಲ, ಸ್ವಲ್ಪ ದೂರ ನಿಂತಿದ್ದ.

ಮಣ್ಣು ತಟ್ಟಿ ಸಮ ಮಾಡಿ ಆಕೆ ಎದ್ದಳು. ಮುಖ ಹಗುರಾಗಿತ್ತು. ಇಷ್ಟು ವರ್ಷದ ಹುಡುಕಾಟ ಮುಗಿದವಳ ಮುಖ.

"ಇನ್ನ ಎಲ್ಲಾ ಕೊಟ್ಟಂಗಾತಲ್ರಿ. ಇನ್ನ ಎಲ್ಲೂ ಉಳದಿಲ್ಲಲ್ಲ?"

"ಇಲ್ಲವ್ವ," ಅಂದೆ ನಾನು. "ಇದೇ ಕಡೀದು."

"ಉಳದದ," ಅಂದ ಸುಧೀಂದ್ರ.

ನಾನು ಅವನ ತೋಳು ಹಿಡಿದೆ. ಕೊಸರಿಕೊಂಡ.

"ಉಳದದವ್ವ. ನನ್ನ ಕಾಲೇಜಿನ್ಯಾಗ ಅದ. ದಿಲ್ಲಿಯೊಳಗ ಅದ, ಪರದೇಶದಾಗ ಅದ. ಕಲಿಯೋ ಹುಡುಗರ ಫೋನಿನ್ಯಾಗ ಅದ. ಎಲ್ಲೆಲ್ಲಿ ಅದ ಅನ್ನೂದು ನನಗೇ ಗೊತ್ತಿಲ್ಲ. ನಾ ಬ್ಯಾಡ ಅಂದ್ರೂ ಅದನ್ನ ತಿರುಗಿ ತರ್ಲಿಕ್ಕೆ ಆಗೂದಿಲ್ಲ. ಈಗ ನಾವು ಮಾತಾಡೂ ಹೊತ್ತಿಗೂ ಯಾರೋ ನೋಡ್ತಿರಬೇಕು."

ಅವನನ್ನು ಅಲ್ಲೇ ಹೊಡೆದುಬಿಡಬೇಕು ಅನ್ನಿಸಿತು. ಮಲಗಿದ ರೋಗಿಯನ್ನು ಗಾಯ ಹೊಲಿಯುವ ಮೊದಲೇ ಎಬ್ಬಿಸಿದ ಹಾಗೆ. ಪರಮೇಶ ಸಲಿಕೆ ಕೆಳಗಿಟ್ಟ. ಗುರುಲಿಂಗಮ್ಮ ನಿಂತಲ್ಲೇ ನಿಂತಿದ್ದಳು. ಹಗುರಾಗಿದ್ದ ಮುಖ ಮತ್ತೆ ಮೊದಲಿನ ಹಾಗಾಯಿತು.

"ಹಂಗಾದ್ರ ಎಲ್ಲಾ ಕಡಿ ಬಡಕೊಂತಾ ಐತಿ," ಅಂದಳು.

"ಹೌದು."

"ಎಂದೂ ನಿಲ್ಲಂಗಿಲ್ಲ."

"ಇಲ್ಲವ್ವ."

ಸುಧೀಂದ್ರ ಅಲ್ಲೇ ಮಣ್ಣಿನಲ್ಲಿ ಕುಕ್ಕರಿಸಿದ. ಬೈಯಲಿ ಅಂತ ಕಾಯುತ್ತಿದ್ದ ಅಂತ ಕಾಣುತ್ತದೆ. ಬೈದಿದ್ದರೆ ಅವನಿಗೂ ಸುಲಭವಾಗುತ್ತಿತ್ತು. ಕಿಸೆಯಲ್ಲಿದ್ದ ಒಪ್ಪಿಗೆಯ ಕಾಗದವನ್ನು ಅವನು ಹೊರಗೆ ತೆಗೆಯಲೇ ಇಲ್ಲ. ಆಕೆ ಬೈಯಲಿಲ್ಲ. ಬೇವಿನ ಬುಡಕ್ಕೆ ಒರಗಿ ಬಹಳ ಹೊತ್ತು ಯೋಚಿಸಿದಳು. ಹೊಲದಾಚೆ ಹತ್ತಿ ಬಿಡಿಸುವ ಹೆಂಗಸರು ತೆಲುಗಿನಲ್ಲಿ ಒಬ್ಬರನ್ನೊಬ್ಬರು ಕೂಗಿ ಏನೋ ನಗುತ್ತಿದ್ದರು.

"ನಿಮ್ಮ ಮನಿ ಹೈದರಾಬಾದಿನ್ಯಾಗ ಎಲ್ಲಿ ಬರ್ತೈತ್ರಿ ಸಾರ್?" ಅಂದಳು ಕೊನೆಗೆ.

ಸುಧೀಂದ್ರ ತಲೆಯೆತ್ತಿ ನೋಡಿದ. ನನಗೂ ಅರ್ಥವಾಗಲಿಲ್ಲ.

"ನನ್ನ ಮನಿಗೆ ಬಂದು ಆಕಿ ಏನು ಮಾಡ್ಯಾಳ್ರಿ. ಅಲ್ಲಿ ಇಲ್ಲ ಅದು. ನಾನು ಹುಡುಕಿದ್ದಽ ಹುಡುಕಿದ್ದು, ಆಕಿ ನಿಂತದ್ದಽ ನಿಂತದ್ದು. ನಿಮ್ಮ ಹತ್ರ ಐತಿ ಅಂದಮ್ಯಾಲ ನಿಮ್ಮ ಹತ್ರಽ ಬರ್ಲಿ. ಮನಿ ಎಲ್ಲಿ ಹೇಳ್ರಿ, ಆಕಿ ಹೈದರಾಬಾದ್ ನೋಡಿಲ್ಲ."

ಅದರಲ್ಲಿ ಶಾಪವಿರಲಿಲ್ಲ. ಮಗಳನ್ನು ಮೊದಲ ಸಲ ದೂರದ ಊರಿಗೆ ಕಳಿಸುವ ತಾಯಿ ಬಸ್ಸು ಎಲ್ಲಿ ಇಳಿಯಬೇಕು ಅಂತ ಕೇಳಿಕೊಳ್ಳುವ ಹಾಗೆ ಕೇಳಿದಳು. ಸಾಕು ಏಳು ಸುಧಿ, ಹೊತ್ತಾಯಿತು ಅಂದೆ. ಅವನು ಏಳಲಿಲ್ಲ.

"ನಲ್ಲಕುಂಟ," ಅಂದ. "ತರಕಾರಿ ಮಾರ್ಕೆಟ್ಟಿಂದ ಎಡಕ್ಕ ತಿರುಗಿದ್ರ ಎರಡನೇ ಗಲ್ಲಿ. ಮೂಲ್ಯಾಗ ಔಷಧದ ಅಂಗಡಿ ಅದ. ಅದರ ಎದುರಿಗಿನ ಹಳದಿ ಬಿಲ್ಡಿಂಗು. ಲಿಫ್ಟ್ ಒಮ್ಮೊಮ್ಮೆ ಕೆಟ್ಟಿರ್ತದ, ಮೆಟ್ಟಲಾ ಹತ್ತಿ ಬರಬೇಕು. ಮೂರನೇ ಮಹಡಿ, ಬಲಗಡೆ ಬಾಗಿಲಾ. ಹೊರಗ ನನ್ನ ಹೆಸರು ಬರದದ."

ಅವನ ಕಣ್ಣು ಮುದುಕಿಯ ಕಡೆ ಇರಲಿಲ್ಲ. ಹೊಸ ಮಣ್ಣಿನ ಕಡೆ ಇತ್ತು. ಗುರುಲಿಂಗಮ್ಮ ಬಗ್ಗಿ ಕಲ್ಲಿನ ಮೇಲೆ ಅಂಗೈ ಇಟ್ಟಳು.

"ಕೇಳಿದೇನವ್ವಾ ಜ್ಯೋತಿ," ಅಂದಳು. "ಇನ್ನ ಬಿಸಿಲಾಗ ಇಲ್ಲಿತನ ಬರಬ್ಯಾಡ."

ಆಮೇಲೆ ಸೆರಗಿನಿಂದ ಕಣ್ಣೊರೆಸಿಕೊಂಡು ಸುಧೀಂದ್ರನ ಹತ್ತಿರ ಬಂದು, ಅಳಿಯನಿಗೆ ಮಗಳ ಸ್ವಭಾವ ಹೇಳುವ ದನಿಯಲ್ಲಿ ಅಂದಳು:

"ಕಲ್ಲಿದ್ದಾಗ ಒಂದು ತುತ್ತು ಎಣ್ಣಿದು ತಿಂದ್ರೂ ನೆಲದಾಗ ಹೊರಳ್ಯಾಡ್ತಿದ್ಲು. ನೀವು ತಗದಮ್ಯಾಲ ಎಲ್ಲಾ ತಿಂದ್ಲು ಸಾರ್. ಗದ್ವಾಲಕ್ಕ ಯಾರು ಹೋದ್ರೂ ಮಿರ್ಚಿ ಭಜಿ ತರಾಕ ಹೇಳ್ತಿದ್ಲು. ಒಂದ ವರ್ಷ ತಿಂದ್ಲು. ಬಂದಾಗ ಬಾಗಲದಾಗ ನಿಂದ್ರಸಬ್ಯಾಡ್ರಿ. ಒಳಗ ಕರದು ಏನಾರ ಬಿಸಿದು ತಿನ್ನಾಕ ಕೊಡ್ರಿ."

"ಕೊಡ್ತೀನವ್ವ," ಅಂದ ಸುಧೀಂದ್ರ.